ಎರಡು ಸಹಿಯ ಮಾನಪತ್ರ

ನಮ್ಮೂರಿನಲ್ಲಿ ಸನ್ಮಾನ ತಪ್ಪಿಸಿಕೊಂಡು ಬದುಕುವುದು ಅಷ್ಟು ಸುಲಭವಲ್ಲ. ಮಂಗಳೂರಿನಲ್ಲಿ ಅರುವತ್ತು ದಾಟಿದ, ಒಂದು ಕೆಲಸವನ್ನು ನೆಟ್ಟಗೆ ಮಾಡಿಕೊಂಡು ಬಂದ ಯಾರ ಮನೆಗೆ ಹೋದರೂ ಶೋಕೇಸಿನಲ್ಲಿ ಗಾಜಿನ ಸ್ಮರಣಿಕೆಗಳು ಜಾಗ ಸಾಲದೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬಂದ ಶಾಲುಗಳನ್ನು ಏನು ಮಾಡುವುದೆಂದು ತಿಳಿಯದೆ ಟಿವಿಗೆ ಹೊದೆಸಿದವರಿದ್ದಾರೆ. ನಮ್ಮ ನೆರೆಯವರೊಬ್ಬರು ಸನ್ಮಾನದ ಹಣ್ಣಿನ ಬುಟ್ಟಿಗಳನ್ನು ಜೋಪಾನವಾಗಿ ತೆಗೆದಿಟ್ಟು, ಬಟ್ಟೆಯ ಕ್ಲಿಪ್ಪಿನಿಂದ ಹಿಡಿದು ಬೆಕ್ಕಿನ ಮರಿಯ ತನಕ ಎಲ್ಲವನ್ನೂ ಅದರಲ್ಲೇ ಇಡುತ್ತಾರೆ. ಇಂಥ ಊರಿನಲ್ಲಿ ಒಂದೇ ಒಂದು ಶಾಲು ಇಲ್ಲದೆ ನಿವೃತ್ತಿಯ ತನಕ ಬಂದವರು ನಮ್ಮ ಮೇಡಂ ಒಬ್ಬರೇ ಇರಬೇಕು.

ಮೇಡಂ ರಸಾಯನ ತಜ್ಞೆ. ಪಣಂಬೂರಿನಲ್ಲಿ, ಬಂದರಿಗೆ ಬಂದಿಳಿಯುವ ಸರಕನ್ನು ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿದ್ದರು. ನಾನು ಅವರ ಕೈಕೆಳಗೆ ಕೆಲಸ ಕಲಿತವಳು, ಈಗಲೂ ಅಲ್ಲೇ ಇದ್ದೇನೆ. ಹಡಗಿನಲ್ಲಿ ಬಂದದ್ದು ತಾಳೆಯೆಣ್ಣೆಯಿರಲಿ, ಗೊಬ್ಬರವಿರಲಿ, ಅದರ ಸ್ಯಾಂಪಲ್ ನಮ್ಮ ಮೇಜಿಗೆ ಬರುತ್ತದೆ. ಅದರೊಳಗೆ ಏನು ಎಷ್ಟಿದೆ ಎಂದು ನಾವು ಹೇಳಿದ ಮೇಲೆಯೇ ಸರಕು ಮುಂದೆ ಹೋಗುವುದು. ಇಷ್ಟು ಸರಳವಾದ ಕೆಲಸವನ್ನು ಊರಿಗೆ ಅರ್ಥ ಮಾಡಿಸಲು ಮೇಡಂಗೆ ಕೊನೆಯ ತನಕ ಆಗಲಿಲ್ಲ. ಅತ್ತಾವರದ ಅವರ ಫ್ಲಾಟಿನ ನೆರೆಯವರು ಕೆಮಿಸ್ಟ್ ಎಂದ ಕೂಡಲೇ ಮೆಡಿಕಲ್ ಶಾಪ್ ಎಂದು ತಿಳಿದು ಜ್ವರದ ಮಾತ್ರೆ ಕೇಳಿಕೊಂಡು ಬರುತ್ತಿದ್ದರು. ಮೇಡಂ ಮನೆತನದವರು ಹಿಂದೆ ಗದ್ದೆ, ತೋಟ ಎಲ್ಲ ಇದ್ದವರು. ತಮ್ಮಂದಿರು ಈಗ ಹೋಟೆಲು ನಡೆಸುತ್ತಾರೆ. "ನಾವು ಎಣ್ಣೆಯಲ್ಲಿ ಗೋಳಿಬಜೆ ಕಾಯಿಸಿ ಜನರಿಗೆ ಕೊಡ್ತೇವೆ. ನಮ್ಮ ಅಕ್ಕ ಎಣ್ಣೆಯನ್ನೇ ಕಾಯಿಸಿ ಚೆಲ್ತಾಳೆ" ಎಂದು ಅವರ ದೊಡ್ಡ ತಮ್ಮ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರು.

ಮೇಡಂ ಆಳು ಸಣ್ಣ, ದನಿ ದೊಡ್ಡದು. ಹತ್ತಿ ಸೀರೆಯ ಮೇಲೆ ಬಿಳಿ ಕೋಟು, ಕೊರಳಿಗೆ ದಾರ ಕಟ್ಟಿ ನೇತುಹಾಕಿದ ಕನ್ನಡಕ. ಅವರು ನಮಗೆಲ್ಲ ಹಾಕಿಕೊಟ್ಟ ನಿಯಮ ಒಂದೇ. ಒಂದು ಸ್ಯಾಂಪಲನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ಒಬ್ಬರದ್ದನ್ನು ಇನ್ನೊಬ್ಬರು ನೋಡಬಾರದು, ಕೇಳಬಾರದು, ಮುಖ ನೋಡಿ ಊಹಿಸಲೂಬಾರದು. ಎರಡೂ ಹೊಂದಿದರೆ ಇಬ್ಬರ ಸಹಿ ಬಿದ್ದು ರಿಪೋರ್ಟ್ ಹೊರಗೆ ಹೋಗುತ್ತದೆ. ಹೊಂದದಿದ್ದರೆ ಹಡಗಲ್ಲ, ಹಡಗಿನ ಯಜಮಾನನೇ ಈಜಿಕೊಂಡು ಬಂದರೂ ಹೋಗುವುದಿಲ್ಲ. "ಒಬ್ಬರು ಹೇಳಿದ್ದು ಸುದ್ದಿ. ಇಬ್ಬರು ಹೇಳಿದ್ದು ರಿಪೋರ್ಟ್" ಎಂದು ಅವರು ಹೇಳದ ದಿನವಿಲ್ಲ.

ಈ ನಿಯಮ ಪ್ರಯೋಗಾಲಯದಲ್ಲಿ ಮಾತ್ರ ಇದ್ದಿದ್ದರೆ ನಮಗೆ ತೊಂದರೆ ಇರಲಿಲ್ಲ. ಮೇಡಂ ಮೀನು ಕೊಳ್ಳುವಾಗ ಬಂಗುಡೆ ಇವತ್ತಿನದ್ದೋ ನಿನ್ನೆಯದ್ದೋ ಎಂದು ಮಾರುವವಳನ್ನು ಕೇಳಿ, ಪಕ್ಕದಲ್ಲಿ ಕೂತವಳನ್ನೂ ಕೇಳುತ್ತಿದ್ದರು. ಇಬ್ಬರೂ ಸೇರಿ ಬೈಯುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಡಬ್ಬಿಯ ಸಾರಿಗೆ ಉಪ್ಪು ಸರಿಯುಂಟಾ ಎಂದು ನಮ್ಮಲ್ಲಿ ಇಬ್ಬರಿಗೆ ಚಮಚದಲ್ಲಿ ಕೊಡುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡದೆ ಉತ್ತರ ಹೇಳಬೇಕು. ಅವರ ಮದುವೆಯ ಬಗ್ಗೆಯೂ ನಮ್ಮಲ್ಲೊಂದು ಕತೆ ಓಡಾಡುತ್ತಿತ್ತು. ಗಂಡಿನ ಬಗ್ಗೆ ಇಬ್ಬರನ್ನು ವಿಚಾರಿಸಿದರಂತೆ, ಎರಡೂ ಹೊಂದಲಿಲ್ಲವಂತೆ, ಮೂರನೆಯವರನ್ನು ವಿಚಾರಿಸುವಷ್ಟರಲ್ಲಿ ಗಂಡಿನ ಕಡೆಯವರು ಬೇರೆ ಕಡೆ ನಿಶ್ಚಯ ಮಾಡಿಕೊಂಡರಂತೆ. ಇದನ್ನು ಹೇಳಿದವರು ಒಬ್ಬರೇ ಆದ್ದರಿಂದ ಸುದ್ದಿಯೆಂದೇ ತಿಳಿಯಬೇಕು.

ಮೇಡಂ ನಿವೃತ್ತರಾದ ವರ್ಷ ನಮ್ಮ ರಸಾಯನ ತಜ್ಞರ ಸಂಘಕ್ಕೆ ಜ್ಞಾನೋದಯವಾಯಿತು. ಜಿಲ್ಲೆಯ ಅರ್ಧಕ್ಕರ್ಧ ಪ್ರಯೋಗಾಲಯಗಳಲ್ಲಿ ಮೇಡಂ ತಯಾರು ಮಾಡಿದವರೇ ಕೂತಿದ್ದಾರೆ, ಅವರ ಎರಡು ಸಹಿಯ ಪದ್ಧತಿಯನ್ನು ಕಂಡು ಎಷ್ಟೋ ಕಡೆ ಹಾಗೆಯೇ ಮಾಡಿಕೊಂಡಿದ್ದಾರೆ, ಆದರೂ ಅವರಿಗೆ ಇನ್ನೂ ಶಾಲು ಹೊದೆಸಿಲ್ಲವಲ್ಲ ಎಂದು ಯಾರಿಗೋ ಹೊಳೆಯಿತು. ಸಂಘದ ಕಾರ್ಯದರ್ಶಿಗಳು ಕಾಲೇಜಿನಲ್ಲಿ ನನಗೆ ಪಾಠ ಮಾಡಿದವರು. ನಿವೃತ್ತಿಯ ಮೇಲೆ ಸನ್ಮಾನ ಮಾಡುವುದನ್ನೇ ಹವ್ಯಾಸ ಮಾಡಿಕೊಂಡ ಸಜ್ಜನರು. ನನಗೆ ಫೋನ್ ಮಾಡಿ, "ಮಾನಪತ್ರ ನೀನೇ ಬರೆದು ನೀನೇ ಓದಬೇಕು ಮಾರಾಯ್ತಿ. ಹೇಗೆ ಬರೆಯುವುದು ಅಂತ ತಲೆಬಿಸಿ ಬೇಡ, ಒಂದು ಮಾದರಿ ಕಳಿಸ್ತೇನೆ" ಎಂದರು. ಬಂದ ಮಾದರಿ ಒಬ್ಬ ಬಸ್ಸಿನ ಮಾಲಕರಿಗೆ ಮಾಡಿದ್ದು. ಅದರಲ್ಲಿ 'ಪ್ರಯಾಣಿಕರ ಆಶಾಕಿರಣ' ಎಂದಿದ್ದ ಕಡೆ 'ರಸಾಯನ ಲೋಕದ ಆಶಾಕಿರಣ' ಎಂದು ಮಾಡಿದರೆ ಸಾಕು ಎಂಬುದು ಅವರ ಸಲಹೆ.

ನಾನು ಕುದ್ರೋಳಿಯವಳು. ನಮ್ಮಲ್ಲಿ ಮಾತಿಗೆ ಬಡತನವಿಲ್ಲ. ಆದರೆ ಬರೆಯಲು ಕೂತರೆ ಎಲ್ಲಿಂದಲೋ ಬಂದ ದೊಡ್ಡ ದೊಡ್ಡ ಶಬ್ದಗಳು ಪೆನ್ನಿನ ತುದಿಗೆ ಬಂದು ಕೂರುತ್ತವೆ. ಮೇಡಂ ಸರಳ ಸಜ್ಜನಿಕೆಯ ಸಾಕಾರ ಮೂರ್ತಿಯಾದರು. ನಿಷ್ಕಾಮ ಕರ್ಮಯೋಗಿಯಾದರು. ಅಜಾತಶತ್ರು ಎಂದು ಬರೆಯುವಾಗ ಮಾತ್ರ ನನಗೇ ನಗು ಬಂತು, ಏಕೆಂದರೆ ಸರಕು ಬಿಡಿಸಿಕೊಳ್ಳಲು ನಮ್ಮ ಸಹಿಗೆ ಕಾಯುವ ಬಂದರಿನ ಏಜೆಂಟರಲ್ಲಿ ಮೇಡಂಗೆ ಶಾಪ ಹಾಕದವರು ಇರಲಿಲ್ಲ. ಆದರೂ ಇರಲಿ, ಕೇಳಲು ಚಂದ ಇದೆ ಎಂದು ಬಿಟ್ಟೆ. ಪುಟ ತುಂಬಿಸಿ ಒಂದು ಸಂಜೆ ಅವರ ಫ್ಲಾಟಿಗೆ ಹೋದೆ.

ಮೇಡಂ ಕನ್ನಡಕ ಏರಿಸಿ ಓದಿದರು. ಓದುತ್ತ ಹೋದ ಹಾಗೆ ಅವರ ಹುಬ್ಬು ಮೇಲೆ ಹೋಯಿತು.

"ಇದು ಯಾರು ಮಾರಾಯ್ತಿ?"

"ನೀವೇ ಮೇಡಂ."

"ಇದಕ್ಕೆ ಎರಡನೇ ರಿಪೋರ್ಟ್ ಉಂಟಾ?"

ನಾನು ನಕ್ಕೆ. ಅವರು ನಗಲಿಲ್ಲ. ಒಳಗೆ ಹೋಗಿ ಚಹಾ ತಂದಿಟ್ಟು ಎದುರು ಕೂತರು.

"ನೋಡು, ನಾನು ಬರ್ತೇನೆ. ಶಾಲು ಹಾಕಿಸಿಕೊಳ್ತೇನೆ, ಪೇಟ ಇಟ್ಟರೆ ಅದನ್ನೂ ಇಟ್ಟುಕೊಳ್ತೇನೆ. ಆದರೆ ಓದುವುದಾದ್ರೆ ನಮ್ಮ ಕ್ರಮದಲ್ಲಿ ಓದಬೇಕು. ಇಬ್ಬರು ಬೇರೆ ಬೇರೆ ಬರೀರಿ. ಇಬ್ಬರೂ ಬರೆದದ್ದು ಯಾವುದೋ ಅಷ್ಟೇ ಓದಿ. ಹೊಂದದೇ ಇದ್ರೆ ಓದುವುದೇ ಬೇಡ."

"ಎರಡನೆಯವರು ಯಾರು?"

ಮೇಡಂ ಯೋಚನೆ ಮಾಡಿದ ಹಾಗೆ ಕಾಣಲಿಲ್ಲ. ಮೊದಲೇ ತೀರ್ಮಾನ ಮಾಡಿಟ್ಟಿದ್ದರು. ನನ್ನ ಜೊತೆಗೇ ಕೆಲಸಕ್ಕೆ ಸೇರಿ, ಮೇಡಂ ಜೊತೆ ಜಗಳಾಡಿಕೊಂಡು ಬಿಟ್ಟು, ಗಲ್ಫಿಗೆ ಹೋಗಿ, ಈಗ ವಾಪಸು ಬಂದು ನೀರು ಪರೀಕ್ಷೆಯ ಸಣ್ಣ ಪ್ರಯೋಗಾಲಯ ಇಟ್ಟುಕೊಂಡ ನನ್ನ ಗೆಳೆಯನ ಹೆಸರು ಹೇಳಿದರು. ಬಿಟ್ಟುಹೋದ ಮೇಲೆ ಅವನು ಮೇಡಂಗೆ ಒಂದು ಫೋನ್ ಸಹ ಮಾಡಿರಲಿಲ್ಲ. ದಾರಿಯಲ್ಲಿ ಕಂಡರೆ ರಸ್ತೆ ದಾಟುತ್ತಿದ್ದ.

"ಮೇಡಂ, ಅವನು ಎಂತ ಬರೀತಾನೆ ಅಂತ ನಿಮಗೆ ಗೊತ್ತಿಲ್ವಾ?"

"ಅವನಿಗೆ ನನ್ನನ್ನು ಹೊಗಳಲಿಕ್ಕೆ ಕಾರಣ ಇಲ್ಲ. ಅದಕ್ಕೇ ಅವನು." ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ ಹೇಳಿದ ಮಾತು ಅವರ ಬಾಯಿಂದ ನಾನು ಹಿಂದೆ ಕೇಳಿದ್ದಲ್ಲ. "ನಾನು ಜೋರು ಅಂತ ಎಲ್ಲರಿಗೂ ಗೊತ್ತುಂಟು. ಜೋರು ಮಾಡಿದ್ದು ಬಿಟ್ರೆ ಬೇರೆ ಎಂತಾದ್ರೂ ಮಾಡಿದ್ದೇನಾ ಅಂತ ಈಗ ಮನೆಯಲ್ಲಿ ಕೂತು ಯೋಚನೆ ಆಗ್ತದೆ. ನೀನು ಉಂಟು ಅಂತೀ. ನೀನು ಒಬ್ಬಳು."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಜೊತೆಗಿದ್ದವಳ ಮಾತು ಇವರಿಗೆ ಬರೇ ಸುದ್ದಿ! ಮೆಟ್ಟಿಲಿಳಿಯುವಾಗ ಸಿಟ್ಟು ಇಳಿದು ಅಳು ಬಂತು. ಊರಿಡೀ ಅಂಜುತ್ತಿದ್ದ ಹೆಂಗಸು ತನ್ನ ಬದುಕಿನ ಫಲಿತಾಂಶಕ್ಕೆ ಇನ್ನೊಂದು ಸಹಿ ಸಿಗದೆ ಹೋದೀತೇನೋ ಎಂದು ಒಬ್ಬರೇ ಕೂತು ಹೆದರುತ್ತಿದ್ದಾರೆ. ಆ ಸಹಿ ಇರುವುದು ರಸ್ತೆ ದಾಟಿ ಓಡುವವನ ಕೈಯಲ್ಲಿ.

ಮಾರನೆಯ ದಿನ ಅವನ ಪ್ರಯೋಗಾಲಯಕ್ಕೆ ಹೋದೆ. ಅತ್ತಾವರದ ಆಸ್ಪತ್ರೆಯೊಂದರ ಹಿಂದಿನ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲ್ಮಹಡಿ. ಬಾವಿಯ ನೀರು ತುಂಬಿದ ಬಾಟಲಿಗಳ ನಡುವೆ ಅವನು ಕೂತಿದ್ದ. ಗಲ್ಫಿನಲ್ಲಿ ತಲೆಯ ಕೂದಲನ್ನೆಲ್ಲ ಬಿಟ್ಟು ಬಂದಿದ್ದಾನೆ. ವಿಷಯ ಹೇಳಿದೆ. ಒಂದು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದ.

"ಅವರೇ ನನ್ನ ಹೆಸರು ಹೇಳಿದ್ದಾ?"

"ಹೌದು ಮಾರಾಯ."

"ಬರೀತೇನೆ. ಆದ್ರೆ ನೀನು ನೋಡ್ಬಾರದು."

"ನಾನ್ಯಾಕೆ ನೋಡ್ಲಿ? ನೀನೂ ನನ್ನದು ಕೇಳ್ಬಾರದು."

ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಕೆಲಸ ಮುಗಿಯುತ್ತಿತ್ತು. ಬ್ಯಾಂಕಿನವರೋ ಬಸ್ಸಿನವರೋ ಆಗಿದ್ದರೆ ಒಂದು ಹೋಟೆಲಿನಲ್ಲಿ ಕೂತು, ಬನ್ಸ್ ತಿಂದು, ನಾಲ್ಕು ಸಾಲು ಒಟ್ಟಿಗೆ ಒಪ್ಪಿಕೊಂಡು ಎದ್ದುಬಿಡುತ್ತಿದ್ದರು. ಮೇಡಂಗೆ ತಿಳಿಯುತ್ತಲೂ ಇರಲಿಲ್ಲ. ನಮಗಿಬ್ಬರಿಗೆ ಅದು ಮನಸ್ಸಿಗೆ ಬಂದರೂ ಬಾಯಿಗೆ ಬರಲಿಲ್ಲ. ಅವನ ಹೆಂಡತಿ ಚಹಾ ತಂದಳು. ನಾವು ಮಳೆಯ ವಿಷಯ ಮಾತಾಡಿದೆವು, ಪಂಪ್‌ವೆಲ್ಲಿನ ಟ್ರಾಫಿಕ್ಕಿನ ವಿಷಯ ಮಾತಾಡಿದೆವು. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲೂ ಇಲ್ಲ, ಏನಾದರೂ ತಿಳಿದುಬಿಟ್ಟೀತೆಂದು. ಒಂದು ಸಣ್ಣ ಮೋಸ ಮಾಡಲೂ ಬಾರದ ಹಾಗೆ ನಮ್ಮನ್ನು ತಯಾರು ಮಾಡಿಟ್ಟ ಆ ಹೆಂಗಸನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಮನೆಗೆ ಬಂದು ಹೊಸದಾಗಿ ಬರೆಯಲು ಕೂತೆ. ಮೋಸ ಮಾಡಲು ಬಾರದಿದ್ದರೂ ಲೆಕ್ಕಾಚಾರ ಬರುತ್ತದಲ್ಲ! ಅವನು ಏನು ಬರೆದಾನು? ಜಗಳಾಡಿ ಹೋದವನು ಮೇಡಂ ಸಿಟ್ಟಿನ ಬಗ್ಗೆ ಬರೆಯದೆ ಇರುತ್ತಾನೆಯೇ? ಹಾಗಾದರೆ ನಾನೂ ಅದನ್ನೇ ಬರೆಯಬೇಕು, ಆದರೆ ಸ್ವಲ್ಪ ಚಂದ ಮಾಡಿ. ಬರೆದೆ. ಮೇಡಂ ಬೈದದ್ದು, ತೊಳೆದ ಗಾಜಿನ ಪಾತ್ರೆಯಲ್ಲಿ ಒಂದು ಕಲೆ ಕಂಡು ಎಲ್ಲವನ್ನೂ ಮತ್ತೆ ತೊಳೆಸಿದ್ದು, ತಡವಾಗಿ ಬಂದವರನ್ನು ಗಡಿಯಾರದ ಕೆಳಗೆ ನಿಲ್ಲಿಸಿದ್ದು. ಸನ್ಮಾನವೋ ದೂರೋ ತಿಳಿಯದ ಹಾಗಾಯಿತು.

ಕೊನೆಗೆ ಪುಟದ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಯಾವ ಲೆಕ್ಕಾಚಾರಕ್ಕೂ ಅಲ್ಲ, ನನ್ನ ಸಮಾಧಾನಕ್ಕೆ ಒಂದು ವಿಷಯ ಸೇರಿಸಿದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ತಾಳೆಯೆಣ್ಣೆಯ ಹಡಗೊಂದು ಬಂದು ನಿಂತಿತ್ತು. ಎಣ್ಣೆಯಲ್ಲಿ ಹುಳಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ನನ್ನ ಪಾಲಿಗೆ ಬಂತು. ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಕ್ಷಾರ ಬಿಡುತ್ತ ಹೋಗಬೇಕು. ಎಣ್ಣೆಯ ಪಾತ್ರೆ ತೆಳು ಗುಲಾಬಿ ಬಣ್ಣಕ್ಕೆ ತಿರುಗಿ, ಆ ಬಣ್ಣ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಹನಿ ಹೆಚ್ಚಾದರೆ ಮೊದಲಿಂದ ಶುರು. ಹೊರಗೆ ಏಜೆಂಟ್ ಕೂಗುತ್ತಿದ್ದ, "ಹಡಗು ಕಾಯ್ತಾ ಉಂಟು ಮಾರಾಯ್ರೆ, ಒಂದು ಸಹಿ ಹಾಕ್ಲಿಕ್ಕೆ ಎಷ್ಟು ಹೊತ್ತು?" ಅವನ ಜೊತೆ ನಮ್ಮ ಪ್ರಯೋಗಾಲಯದ ಮಾಲಕರೂ ಸೇರಿಕೊಂಡಿದ್ದರು. ನನ್ನ ಕೈ ನಡುಗಿ ಹನಿಯ ಬದಲು ಧಾರೆಯೇ ಬಿತ್ತು. ಮತ್ತೆ ಶುರು ಮಾಡಿದೆ, ಮತ್ತೆ ಹಾಳಾಯಿತು. ಆಗ ಹಿಂದೆ ಕುರ್ಚಿ ಎಳೆದ ಸದ್ದು ಕೇಳಿತು. ಮೇಡಂ ತಮ್ಮ ಕುರ್ಚಿಯನ್ನು ತಂದು ಬಾಗಿಲಿಗೆ ಅಡ್ಡ ಹಾಕಿ, ನನಗೆ ಬೆನ್ನು ಮಾಡಿ, ಹೊರಗಿನವರಿಗೆ ಮುಖ ಕೊಟ್ಟು ಕೂತುಬಿಟ್ಟರು. "ಒಳಗೆ ಕೆಲಸ ಆಗ್ತಾ ಉಂಟು. ಮಾತಾಡುವುದಿದ್ರೆ ನನ್ನ ಹತ್ರ ಮಾತಾಡಿ" ಎಂದರು. ನನಗೆ ತಿರುಗಿಯೂ ನೋಡದೆ ತುಳುವಿನಲ್ಲಿ ಹೇಳಿದರು, "ಅರ್ಜೆಂಟ್ ಇಜ್ಜಿ. ಮೆಲ್ಲ ಮಲ್ಪು." ಅವಸರವಿಲ್ಲ, ನಿಧಾನ ಮಾಡು ಎಂದು. ಕೆಲಸ ಮುಗಿಯುವ ತನಕ ಒಮ್ಮೆಯೂ ತಿರುಗಲಿಲ್ಲ. ತಿರುಗಿದ್ದರೆ ನನ್ನ ಕೈ ಮತ್ತೆ ನಡುಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಏಜೆಂಟರಿಗೆ ಕೆಳಗೆ ಬೇರೆ ಕೋಣೆಯಾಯಿತು. ಇನ್ನೊಬ್ಬರ ಪರೀಕ್ಷೆ ನಡೆಯುವಾಗ ಆ ಕೋಣೆಯ ಹತ್ತಿರ ಹೋಗುವ ಹಾಗಿರಲಿಲ್ಲವಾದ್ದರಿಂದ ಮೇಡಂ ಹಾಗೆ ಕೂತದ್ದನ್ನು ನಾನು ಮತ್ತೆ ನೋಡಿದ್ದಿಲ್ಲ. ಅದು ನನಗೊಬ್ಬಳಿಗೇ ಸಿಕ್ಕಿದ್ದು ಎಂದು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಬರೆದ ಮೇಲೆ, ಇಷ್ಟು ಸಣ್ಣ ವಿಷಯ ಮಾನಪತ್ರಕ್ಕೆ ಯಾಕೆ ಎಂದು ಹೊಡೆದುಹಾಕಲು ಹೊರಟು, ಇರಲಿ ಎಂದು ಬಿಟ್ಟೆ.

ಎರಡೂ ಬರಹ ನಮ್ಮಿಬ್ಬರ ಎದುರೇ ಕಾರ್ಯದರ್ಶಿಗಳ ಮನೆಯಲ್ಲಿ ಒಟ್ಟಾದವು. ಮೇಡಂ ಬರಲಿಲ್ಲ. ಸಹಿ ಬೀಳುವ ಮೊದಲು ಮುಖ್ಯಸ್ಥರು ನೋಡಬಾರದು ಎಂಬುದೂ ಆ ನಿಯಮದ ಒಳಗೇ ಬರುತ್ತದೆ. ಕಾರ್ಯದರ್ಶಿಗಳು ಎರಡು ಕಾಗದವನ್ನು ಎರಡು ಮೊಣಕಾಲಿನ ಮೇಲೆ ಹರಡಿಕೊಂಡು ಓದತೊಡಗಿದರು. ಸ್ವಲ್ಪ ಓದಿದ್ದೇ ಬೆವರು ಒರೆಸಿಕೊಂಡರು.

"ಎಂತ ಮಾರಾಯ್ರೆ ಇದು? ಜಗಳ ಮಾಡಿ ಹೋದವನು ಅವರು ದೇವತೆ ಅಂತ ಬರೆದಿದ್ದಾನೆ. ಜೊತೆಗೆ ಇದ್ದವಳು ರಾಕ್ಷಸಿ ಅಂತ ಬರೆದಿದ್ದಾಳೆ."

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. "ನೀನು ಹೊಗಳಿ ಬರೀತಿ ಅಂತ ನಾನೂ ಹೊಗಳಿದ್ದು" ಎಂದ. "ನೀನು ಬೈದು ಬರೀತಿ ಅಂತ ನಾನೂ ಬೈದದ್ದು" ಎಂದೆ. ಹೊಂದಲಿ ಎಂದು ಇಬ್ಬರೂ ಒಬ್ಬರನ್ನೊಬ್ಬರು ಊಹಿಸಿ, ಇದ್ದ ಎರಡು ಸಹಿಯನ್ನೂ ಕೆಡಿಸಿಕೊಂಡಿದ್ದೆವು. ಮುಖ ನೋಡಿ ಊಹಿಸಬಾರದು ಎಂದು ಮೇಡಂ ಯಾಕೆ ಹೇಳುತ್ತಿದ್ದರೆಂದು ಅಂದು ಸರಿಯಾಗಿ ತಿಳಿಯಿತು.

ಕಾರ್ಯದರ್ಶಿಗಳು ಸಾಲು ಸಾಲಾಗಿ ಪೆನ್ಸಿಲಿನಲ್ಲಿ ಹೊಡೆಯುತ್ತ ಹೋದರು. ಅವನ 'ಮಾತೃಹೃದಯಿ' ಹೋಯಿತು, ನನ್ನ ಗಡಿಯಾರ ಹೋಯಿತು. "ಫ್ರೇಮಿಗೆ ಆರ್ಡರ್ ಕೊಟ್ಟಾಗಿದೆ. ಖಾಲಿ ಗಾಜು ಕೊಡ್ಲಿಕ್ಕಾಗ್ತದಾ?" ಎಂದು ಗೊಣಗಿದರು. ಖಾಲಿ ಗಾಜನ್ನು ಹಿಡಿದುಕೊಂಡು ವೇದಿಕೆಯಲ್ಲಿ ನಗುತ್ತ ನಿಂತ ಮೇಡಂ ನನ್ನ ಕಣ್ಣ ಮುಂದೆ ಬಂದರು. ಅವರು ಖಂಡಿತ ನಗುತ್ತಿದ್ದರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಪೆನ್ಸಿಲು ನಿಂತಿತು. ಕಾರ್ಯದರ್ಶಿಗಳು ಎರಡೂ ಕಾಗದಗಳ ಕೆಳತುದಿಯನ್ನು ಹತ್ತಿರ ಹಿಡಿದು ನೋಡಿದರು.

"ಇದು ಎಂತ ಕುರ್ಚಿ?"

ಅವನ ಕಾಗದದ ಕೊನೆಯಲ್ಲೂ ಕುರ್ಚಿಯಿತ್ತು. ಅವನು ಜಗಳಾಡಿದ ದಿನದ ಕುರ್ಚಿ. ನಾನು ಆಗ ಹೆರಿಗೆ ರಜೆಯಲ್ಲಿದ್ದೆ. ಅವನ ಫಲಿತಾಂಶ ಇನ್ನೊಬ್ಬರದ್ದಕ್ಕೆ ಹೊಂದಲಿಲ್ಲ, ಮೇಡಂ ಎಲ್ಲರೆದುರು ಮತ್ತೆ ಮಾಡಲು ಹೇಳಿದರು ಎಂದು ಮಾತ್ರ ಕೇಳಿದ್ದೆ. ಉಳಿದದ್ದನ್ನು ಅವನೇ ಹೇಳಿದ. ಹೊರಗೆ ಏಜೆಂಟರ ಗಲಾಟೆ, ಒಳಗೆ ಇವನಿಗೆ ಅವಮಾನ. ಮೇಡಂ ಬಾಗಿಲಿಗೆ ಕುರ್ಚಿ ಹಾಕಿ ಕೂತರು.

"ನಾನು ಎದ್ದು ಹೋಗದ ಹಾಗೆ ಕಾವಲು ಕೂತದ್ದು ಅಂತ ಎಣಿಸಿದೆ. ಜೈಲಿನ ಹಾಗೆ. ಅದೇ ಸಿಟ್ಟಲ್ಲಿ ಕೆಲಸ ಬಿಟ್ಟೆ." ಅವನು ತನ್ನ ಕೈಯನ್ನೇ ನೋಡಿಕೊಂಡು ಮಾತಾಡುತ್ತಿದ್ದ. "ಗಲ್ಫಲ್ಲಿ ನಮ್ಮ ಮ್ಯಾನೇಜರು ನಾನು ಟೆಸ್ಟ್ ಮಾಡುವಾಗ ಹೆಗಲ ಹತ್ರ ಬಂದು ನಿಲ್ತಿದ್ದ. ಆಯ್ತಾ, ಆಯ್ತಾ ಅಂತ ಬೆರಳಲ್ಲಿ ಮೇಜು ಕುಟ್ತಿದ್ದ. ಆಗ ಗೊತ್ತಾಯ್ತು. ಮೇಡಂ ನನಗೆ ಬೆನ್ನು ಹಾಕಿ ಕೂತಿದ್ರು. ಕಾವಲು ಕೂತವರು ಬೆನ್ನು ಹಾಕಿ ಕೂರ್ತಾರಾ? ಗೊತ್ತಾದ ಮೇಲೆ ಅವರ ಮುಖ ನೋಡ್ಲಿಕ್ಕೆ ನಾಚಿಕೆ ಆಗಿ ರಸ್ತೆ ದಾಟ್ತಿದ್ದದ್ದು."

"ನಿನಗೂ ಕೂತಿದ್ರಾ?" ಎಂದೆ.

"ಅಂದ್ರೆ? ನಿನಗೂ?"

ಇಬ್ಬರಿಗೂ ಒಂದು ಕ್ಷಣ ಹೊಟ್ಟೆಕಿಚ್ಚಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಇಷ್ಟು ವರ್ಷ ನನ್ನದೊಬ್ಬಳದ್ದೇ ಆಗಿದ್ದ ಕುರ್ಚಿಯನ್ನು ಈ ಬೋಳುತಲೆಯವನ ಜೊತೆ ಹಂಚಿಕೊಳ್ಳಬೇಕಾಯಿತಲ್ಲ! ಆಮೇಲೆ ನಮಗಿಬ್ಬರಿಗೂ ನಗು ಬಂದು, ನಗುತ್ತ ನಗುತ್ತ ನನಗೆ ಕಣ್ಣೀರೂ ಬಂತು. ಕಾರ್ಯದರ್ಶಿಗಳು ಏನೂ ಅರ್ಥವಾಗದೆ ಹೆಂಡತಿಯನ್ನು ಕರೆದು ನೀರು ತರಿಸಿದರು. ನಾವು ಒಂದೇ ಒಂದು ಸಾಲು ಬರೆದು ಕೆಳಗೆ ಇಬ್ಬರೂ ಸಹಿ ಹಾಕಿದೆವು.

"ಇಷ್ಟು ದೊಡ್ಡ ಫ್ರೇಮಿಗೆ ಒಂದೇ ಸಾಲಾ? ಆಶಾಕಿರಣ ಒಂದಾದ್ರೂ ಇರ್ಲಿ ಮಾರಾಯ್ತಿ" ಎಂದರು ಕಾರ್ಯದರ್ಶಿಗಳು. ನಾನು ಒಪ್ಪಲಿಲ್ಲ. ಕೊನೆಗೆ ಸುತ್ತ ಬಳ್ಳಿ, ಹೂವು, ಎರಡು ನವಿಲು ಹಾಕಿಸಿ ಜಾಗ ತುಂಬಿಸಿದರು.

ಸಮಾರಂಭ ಅತ್ತಾವರದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಮೇಡಂ ತಮ್ಮಂದಿರ ಹೋಟೆಲಿನಿಂದ ಉಪಾಹಾರ ಬಂದಿತ್ತು. ಜನ ಜಾಸ್ತಿ ಸೇರಿದ್ದರಲ್ಲಿ ಅದರ ಪಾಲೂ ಇತ್ತು. ಆದರೆ ನಮ್ಮ ಹಳೆಯ ಹುಡುಗ ಹುಡುಗಿಯರೂ ಉಡುಪಿಯಿಂದ, ಪುತ್ತೂರಿನಿಂದ ಬಂದಿದ್ದರು. ಮೇಡಂ ಅಂಜಿಸಿದವರೆಲ್ಲ ಒಂದೇ ಕಡೆ ಕೂತಿದ್ದನ್ನು ನೋಡಲು ಚಂದವಿತ್ತು. ವೇದಿಕೆಯಲ್ಲಿ ಕೆಂಪು ಮಖಮಲ್ಲಿನ, ಚಿನ್ನದ ಬಣ್ಣದ ಕೈಗಳ ದೊಡ್ಡ ಕುರ್ಚಿಯೊಂದರಲ್ಲಿ ಅವರನ್ನು ಕೂರಿಸಿದರು. ಅವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಹಾರ ಹಾಕಿದರು, ಶಾಲು ಹೊದೆಸಿದರು, ಮೈಸೂರು ಪೇಟ ಇಟ್ಟರು; ಪೇಟ ಜಾರಿ ಕನ್ನಡಕದ ಮೇಲೆ ಬಂದು ನಿಂತಿತು. ಮಡಿಲಲ್ಲಿ ಅನಾನಸಿನ ಬುಟ್ಟಿ. ಮೇಡಂ ಇದ್ದಾರೋ ಇಲ್ಲವೋ ಎಂದು ನೋಡಬೇಕಾದರೆ ಹಣ್ಣು ಸರಿಸಬೇಕಿತ್ತು.

ಮಾನಪತ್ರ ಓದಲು ನನ್ನನ್ನು ಕರೆದರು. ಮೈಕಿನ ಎದುರು ನಿಂತೆ. ಒಂದೇ ಸಾಲು, ಬಾಯಿಪಾಠವೇ ಇತ್ತು. ಆದರೆ ತಲೆ ಎತ್ತಿ ಸಭೆಯನ್ನು ನೋಡಿಬಿಟ್ಟೆ. ಕೈಯಲ್ಲಿದ್ದ ಫ್ರೇಮು ನಡುಗಿ ಮೈಕಿಗೆ ತಾಗಿ ಟಕ್ ಟಕ್ ಎಂದು ಸದ್ದಾಯಿತು. ಜನ ಕಾದರು. ನಾನು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು; ಅವರಿಗೆ ಇನ್ನೊಂದು ಕಡೆ ಇನ್ನೊಬ್ಬರಿಗೆ ಶಾಲು ಹೊದೆಸಲಿಕ್ಕಿತ್ತು. ಕಾರ್ಯಕ್ರಮ ನಿರೂಪಕ ಯುವಕ ನನ್ನ ಹತ್ತಿರ ಬಂದು ಮೆಲ್ಲಗೆ, "ಬೇಗ ಮೇಡಂ, ಬೇಗ. ಇಲ್ಲದಿದ್ರೆ ಕೊಡಿ, ನಾನೇ ಓದ್ತೇನೆ" ಎಂದು ಫ್ರೇಮಿಗೆ ಕೈ ಹಾಕಿದ.

ಹಿಂದೆ ಧೊಪ್ಪನೆ ಸದ್ದಾಯಿತು. ಅನಾನಸಿನ ಬುಟ್ಟಿ ನೆಲಕ್ಕೆ ಬಂದಿತ್ತು. ಮೇಡಂ ದೊಡ್ಡ ಕುರ್ಚಿಯಿಂದ ಜಾರಿ ಇಳಿದು, ಅದನ್ನು ಎಳೆಯಲು ನೋಡಿದರು, ಅದು ಅಲ್ಲಾಡಲಿಲ್ಲ. ಬದಿಯಲ್ಲಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬಂದರು. ಪೇಟ ಓರೆಯಾಗಿತ್ತು, ಶಾಲು ಒಂದು ಹೆಗಲಿನಿಂದ ನೆಲದವರೆಗೆ ಎಳೆಯುತ್ತಿತ್ತು. ಆ ಕುರ್ಚಿಯನ್ನು ನನಗೂ ನಿರೂಪಕನಿಗೂ ನಡುವೆ ಹಾಕಿ, ನನಗೆ ಬೆನ್ನು ಮಾಡಿ, ಅವನಿಗೆ ಮುಖ ಕೊಟ್ಟು ಕೂತುಬಿಟ್ಟರು.

"ಕೆಲಸ ಆಗ್ತಾ ಉಂಟು. ಮಾತಾಡುವುದಿದ್ರೆ ನನ್ನ ಹತ್ರ ಮಾತಾಡಿ" ಎಂದರು. ಆಮೇಲೆ ತಿರುಗದೆ ನನಗೆ ಹೇಳಿದರು, "ಅರ್ಜೆಂಟ್ ಇಜ್ಜಿ. ಮೆಲ್ಲ ಓದು."

ಫ್ರೇಮಿನಲ್ಲಿ ಏನು ಬರೆದಿದೆ ಎಂದು ಅವರಿಗೆ ಆಗಲೂ ಗೊತ್ತಿರಲಿಲ್ಲ.

ನನ್ನ ಕೈ ನಿಂತಿತು. ಓದಿದೆ. "ನಮ್ಮ ಕೆಲಸ ಮುಗಿಯುವ ತನಕ, ಯಾರೂ ನಮ್ಮನ್ನು ಅವಸರ ಮಾಡದ ಹಾಗೆ, ಇವರು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು."

ಸಭೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಮ್ಮ ಹಳೆಯ ಹುಡುಗರ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಯಾರೋ ಮೂಗು ಒರೆಸಿಕೊಂಡರು. ಒಬ್ಬಳು ಪಕ್ಕದವಳಿಗೆ, "ನಿನಗೂ ಕೂತಿದ್ರಾ?" ಎಂದು ಕೇಳಿದ್ದು ವೇದಿಕೆಗೆ ಕೇಳಿತು. ಮೇಡಂ ಅಲ್ಲಾಡಲಿಲ್ಲ. ಓರೆಯಾದ ಪೇಟದ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ತಿರುಗದೆಯೇ ಅವರು ಮಾತಾಡಿದರು. ಆ ದೊಡ್ಡ ದನಿ ಅಂದು ಸಣ್ಣದಾಗಿತ್ತು.

"ಎರಡೂ ಸಹಿ ಉಂಟಾ?"

ನಾನು ಉತ್ತರ ಕೊಡುವ ಮೊದಲೇ ಸಭೆಯ ನಡುವಿನಿಂದ ನನ್ನ ಗೆಳೆಯ ಎದ್ದು ನಿಂತ.

"ಉಂಟು ಮೇಡಂ" ಎಂದ.